ಫ್ಲೋರಿಡಾದ ಹೆಬ್ಬಾವು: ಹೆಡ್‌ಲೈನ್ ನುಂಗಿದ್ದು ಯಾರನ್ನು?

2005ರ ಅಕ್ಟೋಬರ್‌ನಲ್ಲಿ ಒಂದು ಫೋಟೊ ಜಗತ್ತಿನಾದ್ಯಂತ ಪತ್ರಿಕೆಗಳಲ್ಲಿ ಬಂತು. ಅಮೆರಿಕದ ಫ್ಲೋರಿಡಾ ರಾಜ್ಯದ ಎವರ್‌ಗ್ಲೇಡ್ಸ್ ನ್ಯಾಷನಲ್ ಪಾರ್ಕ್‌ನ ಜೌಗಿನಲ್ಲಿ ತೇಲುತ್ತಿದ್ದ ಸತ್ತ ಹೆಬ್ಬಾವು, ಅದರ ಒಡೆದ ಹೊಟ್ಟೆಯಿಂದ ಹೊರಗೆ ಚಾಚಿಕೊಂಡ ಮೊಸಳೆಯ ಹಿಂಭಾಗ. ಹಾವು 13 ಅಡಿ, ಮೊಸಳೆ 6 ಅಡಿ. ಎರಡೂ ಸತ್ತಿದ್ದವು. ಏನಾಯ್ತು ಅಂತ ಕಣ್ಣಾರೆ ಕಂಡವರು ಯಾರೂ ಇರಲಿಲ್ಲ. ಆದರೆ ಫೋಟೊಗೆ ಸಾಕ್ಷಿ ಬೇಕಾಗಿರಲಿಲ್ಲ. ಅವತ್ತಿನಿಂದ ಬರ್ಮೀಸ್ ಹೆಬ್ಬಾವು ಅಮೆರಿಕದ ಟಿವಿಗೆ ಖಾಯಂ ವಿಲನ್ ಆಯ್ತು.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಸಮಸ್ಯೆ ಸುಳ್ಳಲ್ಲ. ಆಗ್ನೇಯ ಏಷ್ಯಾದ ಈ ಹಾವು ಎವರ್‌ಗ್ಲೇಡ್ಸ್‌ನಲ್ಲಿ ನೆಲೆಯೂರಿ ಮರಿ ಮಾಡುತ್ತಿದೆ ಅನ್ನೋದನ್ನು 2000ದಲ್ಲೇ ಅಧಿಕೃತವಾಗಿ ಒಪ್ಪಲಾಗಿತ್ತು. 2012ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ರಾತ್ರಿ ರಸ್ತೆ ಸಮೀಕ್ಷೆಯಲ್ಲಿ ಕಾಣಸಿಗುವ ರಕೂನ್‌ಗಳ ಪ್ರಮಾಣ 99.3% ಕುಸಿದಿತ್ತು, ಒಪೊಸಮ್‌ಗಳದ್ದು 98.9%, ಬಾಬ್‌ಕ್ಯಾಟ್‌ಗಳದ್ದು 87.5%. ಒಂದು ಕಾಡು ಹೀಗೆ ಸದ್ದಿಲ್ಲದೆ ಖಾಲಿಯಾಗೋದು ನಿಜಕ್ಕೂ ಭಯಾನಕ. ಆದರೆ ಖಾಲಿ ರಸ್ತೆಯನ್ನು ತೋರಿಸಿದರೆ ಟಿಆರ್‌ಪಿ ಬರಲ್ಲ. ಹಾಗಾಗಿ ಕ್ಯಾಮೆರಾ 'ನಿಮ್ಮ ಮಗು ಸುರಕ್ಷಿತವೇ?' ಕಡೆಗೆ ತಿರುಗಿತು. ಫ್ಲೋರಿಡಾದ ಕಾಡಿನಲ್ಲಿರುವ ಹೆಬ್ಬಾವು ಒಬ್ಬ ಮನುಷ್ಯನನ್ನೂ ಕೊಂದ ದಾಖಲೆ ಇಲ್ಲ.

ಹಾವುಗಳು ಅಲ್ಲಿಗೆ ಹೋಗಿದ್ದು ಹೇಗೆ? ಸಾಕುವವರ ಮೂಲಕವೇ. 1996ರಿಂದ 2006ರ ನಡುವೆ ಸುಮಾರು 99,000 ಬರ್ಮೀಸ್ ಹೆಬ್ಬಾವುಗಳು ಅಮೆರಿಕಕ್ಕೆ ಆಮದಾದವು. ಅಂಗೈ ಮೇಲೆ ಕೂರುವ ಮರಿ ಕೆಲವೇ ವರ್ಷದಲ್ಲಿ ಹತ್ತು ಹನ್ನೆರಡು ಅಡಿ ಆಗುತ್ತೆ, ಮೊಲ ಕೇಳುತ್ತೆ. ಒಂದಷ್ಟು ಜನ ತಂದು ಕಾಡಂಚಿಗೆ ಬಿಟ್ಟರು. ಹಾವು ಸಾಕುವವರ ಸಂಘಟನೆಗಳಿಗೆ ಇದನ್ನು ಕೇಳೋಕೆ ಇಷ್ಟವಿಲ್ಲ. 1992ರ ಆಂಡ್ರ್ಯೂ ಚಂಡಮಾರುತಕ್ಕೆ ಒಂದು ಹಾವು ತಳಿ ಕೇಂದ್ರ ಧ್ವಂಸವಾಗಿ ಅಲ್ಲಿಂದ ಹಾವುಗಳು ಹೊರಬಿದ್ದವು ಅನ್ನೋ ಕತೆ ಅವರಿಗೆ ಅಚ್ಚುಮೆಚ್ಚು, ಯಾಕಂದ್ರೆ ತಪ್ಪು ಗಾಳಿಯ ತಲೆಗೆ ಹೋಗುತ್ತೆ. ಚಂಡಮಾರುತದ ಪಾಲು ಇದ್ದಿರಬಹುದು. ಆದರೆ 1992ಕ್ಕೆ ಮೊದಲೇ ಒಂದೊಂದು ಹೆಬ್ಬಾವು ಅಲ್ಲಿ ಸಿಕ್ಕಿತ್ತು.

ಇಲ್ಲಿಯವರೆಗೂ ಇದು ದಕ್ಷಿಣ ಫ್ಲೋರಿಡಾದ ಸಮಸ್ಯೆ. ಇದನ್ನು ಇಡೀ ದೇಶದ ಸಮಸ್ಯೆ ಮಾಡಿದ್ದು 2008ರ ಒಂದು ನಕ್ಷೆ. ಅಮೆರಿಕದ ಭೂವೈಜ್ಞಾನಿಕ ಸಮೀಕ್ಷಾ ಸಂಸ್ಥೆ ಯುಎಸ್‌ಜಿಎಸ್‌ನ ವಿಜ್ಞಾನಿಗಳು, ಏಷ್ಯಾದಲ್ಲಿ ಈ ಹಾವಿರುವ ಜಾಗಗಳ ಸರಾಸರಿ ಉಷ್ಣಾಂಶ ಮತ್ತು ಮಳೆಯನ್ನು ತೆಗೆದುಕೊಂಡು, ಅಮೆರಿಕದಲ್ಲಿ ಅಂಥದ್ದೇ ಹವೆ ಎಲ್ಲಿದೆ ಅಂತ ಗುರುತಿಸಿದರು. ದೇಶದ ಸುಮಾರು ಮೂರನೇ ಒಂದು ಭಾಗಕ್ಕೆ ಬಣ್ಣ ಬಿತ್ತು. 'ಇಲ್ಲಿನ ಹವೆ ಹೊಂದಬಹುದು' ಅಂದಿದ್ದನ್ನು ಮಾಧ್ಯಮಗಳು 'ಹೆಬ್ಬಾವು ಬರ್ತಾ ಇದೆ' ಅಂತ ಓದಿದವು. ಎಂಜಿನಿಯರಿಂಗ್ ಓದಿದವರಿಗೆ ಈ ರೋಗ ಗೊತ್ತು: ಮಾಡೆಲ್‌ಗೆ ಎರಡೇ ಇನ್‌ಪುಟ್ ಕೊಟ್ಟರೂ ಅದು ಅಂದವಾದ ಗ್ರಾಫ್ ಕೊಡುತ್ತೆ, ಗ್ರಾಫ್ ನೋಡಿದವರು ಇನ್‌ಪುಟ್ ಕೇಳಲ್ಲ. ಸರಾಸರಿ ಉಷ್ಣಾಂಶ ಹಾವನ್ನು ಕೊಲ್ಲಲ್ಲ, ಒಂದು ವಾರದ ಕೊರೆವ ಚಳಿ ಕೊಲ್ಲುತ್ತೆ. ಅದೇ ವರ್ಷ ಬೇರೊಂದು ತಂಡ ಇನ್ನೂ ಹೆಚ್ಚು ಹವಾಮಾನ ಅಂಶಗಳನ್ನು ಸೇರಿಸಿ ಲೆಕ್ಕ ಹಾಕಿದಾಗ ನಕ್ಷೆ ಕುಗ್ಗಿ ದಕ್ಷಿಣ ಫ್ಲೋರಿಡಾ ಮತ್ತು ಟೆಕ್ಸಾಸ್‌ನ ತುತ್ತತುದಿಗೆ ಬಂದು ನಿಂತಿತು. 2010ರ ಜನವರಿಯ ಶೀತಗಾಳಿಗೆ ಎವರ್‌ಗ್ಲೇಡ್ಸ್‌ನಲ್ಲೇ, ರೇಡಿಯೊ ಅಳವಡಿಸಿ ಹಿಂಬಾಲಿಸುತ್ತಿದ್ದ 10 ಹೆಬ್ಬಾವುಗಳಲ್ಲಿ 9 ಸತ್ತವು. ಎರಡನೇ ನಕ್ಷೆಗೆ ಮೊದಲನೆಯದರಷ್ಟು ಪ್ರಚಾರ ಸಿಗಲಿಲ್ಲ.

2009ರ ಜುಲೈಯಲ್ಲಿ ನಿಜವಾದ ದುರಂತವೇ ನಡೆಯಿತು. ಫ್ಲೋರಿಡಾದ ಒಂದು ಮನೆಯಲ್ಲಿ ಸಾಕಿದ್ದ ಬರ್ಮೀಸ್ ಹೆಬ್ಬಾವು ತೊಟ್ಟಿಯಿಂದ ಹೊರಬಂದು ಎರಡು ವರ್ಷದ ಮಗುವನ್ನು ಕೊಂದಿತು. ಪರವಾನಗಿ ಇರಲಿಲ್ಲ, ಹಾವಿಗೆ ಸರಿಯಾಗಿ ಆಹಾರವನ್ನೂ ಹಾಕಿರಲಿಲ್ಲ. ಸಾಕಿದವರಿಗೆ 12 ವರ್ಷ ಜೈಲಾಯಿತು, ಆಗಬೇಕಾದ್ದೇ. ಆದರೆ ಸುದ್ದಿಯಲ್ಲಿ ಮನೆಯ ಹಾವು, ಕಾಡಿನ ಹಾವು ಒಂದೇ ಆಗಿಬಿಟ್ಟವು. ಅದೇ ತಿಂಗಳು ಸೆನೆಟರ್ ಬಿಲ್ ನೆಲ್ಸನ್ ಸೆನೆಟ್ ಸಮಿತಿಯ ವಿಚಾರಣೆಗೆ ಉದ್ದನೆಯ ಹೆಬ್ಬಾವಿನ ಚರ್ಮವನ್ನೇ ತಂದು ಬಿಚ್ಚಿ ತೋರಿಸಿದರು. ಕ್ಯಾಮೆರಾಗಳಿಗೆ ಇನ್ನೇನು ಬೇಕಿತ್ತು?

2012ರಲ್ಲಿ ಕಾನೂನು ಬಂತು. 1900ರಷ್ಟು ಹಳೆಯ ಲೇಸಿ ಕಾಯ್ದೆಯ ಅಡಿಯಲ್ಲಿ ಬರ್ಮೀಸ್ ಹೆಬ್ಬಾವು, ಎರಡು ಬಗೆಯ ಆಫ್ರಿಕನ್ ಹೆಬ್ಬಾವು ಮತ್ತು ಹಳದಿ ಅನಕೊಂಡವನ್ನು 'ಹಾನಿಕಾರಕ' ಪಟ್ಟಿಗೆ ಸೇರಿಸಲಾಯಿತು. 2015ರಲ್ಲಿ ಇನ್ನೂ ನಾಲ್ಕು ಹಾವು ಸೇರಿದವು. ಆಮದು ನಿಷೇಧವಾಯಿತು, ಅದು ಸರಿಯೇ. ಜೊತೆಗೆ ರಾಜ್ಯದಿಂದ ರಾಜ್ಯಕ್ಕೆ ಸಾಗಿಸುವುದೂ ಅಪರಾಧವಾಯಿತು, 6 ತಿಂಗಳವರೆಗೆ ಜೈಲು. ಇದರರ್ಥ ಏನು ಅಂತ ಒಂದು ಕ್ಷಣ ಯೋಚಿಸಿ. ಚಳಿಗಾಲದಲ್ಲಿ ಹಿಮ ಬೀಳುವ ಮಿನ್ನೆಸೋಟಾದಲ್ಲಿ ನೀವು ಹತ್ತು ವರ್ಷದಿಂದ ಒಂದು ಹೆಬ್ಬಾವು ಸಾಕಿದ್ದೀರಿ. ಪಕ್ಕದ ರಾಜ್ಯದಲ್ಲಿ ಕೆಲಸ ಸಿಕ್ಕಿತು. ಹಾವನ್ನು ಕಾರಲ್ಲಿ ಇಟ್ಟುಕೊಂಡು ಗಡಿ ದಾಟಿದರೆ ನೀವು ಅಪರಾಧಿ. ಗಡಿಯಾಚೆ ಇರುವ ಒಳ್ಳೆಯ ಪಶುವೈದ್ಯರ ಹತ್ತಿರ ಹೋಗುವುದಕ್ಕೂ ಅದೇ ಕತೆ. ಮನೆಯಲ್ಲೇ ತಳಿ ಬೆಳೆಸಿ ಬೇರೆ ರಾಜ್ಯಗಳಿಗೆ ಮಾರುತ್ತಿದ್ದವರ ವ್ಯಾಪಾರ ನಿಂತಿತು. ಬಿಡುವುದು ತಪ್ಪು, ಕೊಡಲು ಆಗಲ್ಲ, ಒಯ್ಯಲು ಆಗಲ್ಲ. ಹಾವನ್ನು ಕದ್ದು ಕಾಡಿಗೆ ಬಿಡದ ಹಾಗೆ ನೋಡಿಕೊಳ್ಳಬೇಕಾದ ಕಾನೂನು, ಕದ್ದು ಬಿಡೋಣ ಅನ್ನಿಸುವ ಪರಿಸ್ಥಿತಿಯನ್ನೇ ತಂದಿಟ್ಟಿತು.

ಸರೀಸೃಪ ಸಾಕುವವರ ಸಂಘಟನೆ ಯುಸಾರ್ಕ್ ಕೋರ್ಟಿಗೆ ಹೋಯಿತು. 2017ರ ಏಪ್ರಿಲ್‌ನಲ್ಲಿ ವಾಷಿಂಗ್ಟನ್‌ನ ಮೇಲ್ಮನವಿ ನ್ಯಾಯಾಲಯ ಕಾಯ್ದೆಯ ಪದಗಳನ್ನು ಬಿಡಿಸಿ ಓದಿ, ಮುಖ್ಯ ಭೂಭಾಗದ ರಾಜ್ಯಗಳ ನಡುವೆ ಸಾಗಾಟ ತಡೆಯುವ ಅಧಿಕಾರ ಈ ಕಾಯ್ದೆಯಲ್ಲಿ ಇಲ್ಲವೇ ಇಲ್ಲ ಅಂದಿತು. ಐದು ವರ್ಷ ಜನ ಹೆದರಿ ಬದುಕಿದ್ದು ಇಲ್ಲದ ಅಧಿಕಾರಕ್ಕೆ!

ಅಷ್ಟರಲ್ಲಿ ಟಿವಿಗೆ ಹೊಸ ಮೇವು ಸಿಕ್ಕಿತು. 2018ರಲ್ಲಿ ಯುಎಸ್‌ಜಿಎಸ್ ಸುಮಾರು 400 ಹಾವುಗಳ ಡಿಎನ್‌ಎ ನೋಡಿದಾಗ, 13ರಲ್ಲಿ ಭಾರತದ ಹೆಬ್ಬಾವಿನ ಅಂಶ ಕಂಡಿತು. ಹೌದು, ನಮ್ಮ ಕಾಡುಗಳಲ್ಲಿರುವುದೇ. ಈ ಬೆರಕೆ ಬಹುಶಃ ಹಾವುಗಳು ಎವರ್‌ಗ್ಲೇಡ್ಸ್ ಸೇರುವುದಕ್ಕೆ ಮೊದಲೇ ಆಗಿತ್ತು ಅಂತ ವಿಜ್ಞಾನಿಗಳು ಹೇಳಿದರು. ಹೆಡ್‌ಲೈನ್ ಬಂದಿದ್ದು 'ಸೂಪರ್ ಸ್ನೇಕ್' ಅಂತ. ಬೇಟೆ ಕೂಡ ಶೋ ಆಯ್ತು. 2013ರ ಮೊದಲ 'ಪೈಥಾನ್ ಚಾಲೆಂಜ್'ಗೆ ಸುಮಾರು 1,600 ಜನ ಬಂದರು, ಒಂದು ತಿಂಗಳಲ್ಲಿ ಸಿಕ್ಕಿದ್ದು 68 ಹಾವು. 2017ರಲ್ಲಿ ತಮಿಳುನಾಡಿನ ಇರುಳ ಸಮುದಾಯದ ಮಾಸಿ ಸಡೈಯನ್ ಮತ್ತು ವಡಿವೇಲ್ ಗೋಪಾಲ್ ಅಲ್ಲಿಗೆ ಹೋಗಿ ಎರಡೇ ವಾರದಲ್ಲಿ 13 ಹಿಡಿದರು. (2023ರಲ್ಲಿ ಇಬ್ಬರಿಗೂ ಪದ್ಮಶ್ರೀ ಬಂತು.) ಅಂದ್ರೆ ಕಷ್ಟ ಇರೋದು ಹಾವು ಹುಡುಕುವುದರಲ್ಲಿ. ಅದಕ್ಕೆ ಬೇಕಾದ್ದು ಜಾಡು ಓದಬಲ್ಲ ಕಣ್ಣು, ಬಂದೂಕು ಹಿಡಿದ ಗುಂಪಲ್ಲ.

2021ರಲ್ಲಿ ಫ್ಲೋರಿಡಾ ತನ್ನದೇ ನಿಯಮಗಳನ್ನು ಇನ್ನಷ್ಟು ಬಿಗಿ ಮಾಡಿತು. 2023ರ ನವೆಂಬರ್‌ನಲ್ಲಿ ರಾಜ್ಯದ ವನ್ಯಜೀವಿ ಅಧಿಕಾರಿಗಳು ಒಂದು ಖಾಸಗಿ ಕೇಂದ್ರದಲ್ಲಿದ್ದ 30ಕ್ಕೂ ಹೆಚ್ಚು ಹೆಬ್ಬಾವುಗಳನ್ನು ಅಲ್ಲೇ ಕೊಂದರು. ಅವುಗಳ ಜೊತೆಗೆ, ಇನ್ನೊಬ್ಬರು ಕಾನೂನುಬದ್ಧವಾಗಿ ಸಾಕಿದ್ದ, ಗರ್ಭಿಣಿ ಬೋವಾ ಹಾವೂ ತಪ್ಪಾಗಿ ಸತ್ತಿತು. ಅದರ ವಿಡಿಯೊ ಎಲ್ಲೆಡೆ ಹರಿದಾಡಿತು.

ಇದೇ ಫ್ಲೋರಿಡಾದಲ್ಲಿ 2006ರಿಂದ ಒಂದು ಒಳ್ಳೆಯ ವ್ಯವಸ್ಥೆ ಇದೆ. ಸಾಕಲು ಆಗದ ವಿದೇಶಿ ಪ್ರಾಣಿಯನ್ನು ತಂದು ಒಪ್ಪಿಸಿದರೆ ಕೇಸಿಲ್ಲ, ದಂಡವಿಲ್ಲ. ಹಾವು ಕಾಡಿಗೆ ಹೋಗದಂತೆ ತಡೆಯುವ ಅತ್ಯಂತ ಅಗ್ಗದ ದಾರಿ ಅದು. ಆದರೆ ಅದು ನಡೆಯೋದು ನಂಬಿಕೆಯ ಮೇಲೆ.

ಬೆಂಗಳೂರಿಗೂ ಇದು ತೀರಾ ದೂರದ ಕತೆಯಲ್ಲ. 2024ರ ಏಪ್ರಿಲ್‌ನಲ್ಲಿ ಬ್ಯಾಂಕಾಕ್‌ನಿಂದ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಬಂದ ಪ್ರಯಾಣಿಕನ ಬ್ಯಾಗಿನಲ್ಲಿ 10 ಹಳದಿ ಅನಕೊಂಡ ಸಿಕ್ಕವು. ಅದಕ್ಕೆ ಎರಡು ತಿಂಗಳ ಮೊದಲಷ್ಟೇ, ಮನೆಯಲ್ಲಿರುವ ವಿದೇಶಿ ಪ್ರಾಣಿಗಳನ್ನು ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಿ ಅಂತ ಕೇಂದ್ರ ಸರ್ಕಾರ ನಿಯಮ ಮಾಡಿತ್ತು. ಇಲ್ಲಿನ ಯಾವುದೋ ಫ್ಲ್ಯಾಟ್‌ನಲ್ಲಿ ಬಾಲ್ ಪೈಥಾನ್ ಸಾಕಿಕೊಂಡು, ಹೆಸರು ಕೊಡಬೇಕೋ ಬೇಡವೋ ಅಂತ ಕೂತಿರುವ ಹುಡುಗನೂ ರಾತ್ರಿ ಒಂಬತ್ತರ ನ್ಯೂಸ್ ನೋಡ್ತಾನೆ.