ಹಸಿವಿನ ಮದ್ದು ಕುಡಿತದ ಎಳೆತವನ್ನು ತಗ್ಗಿಸೀತೇ?

ಹಾಸನದ ಸೀಮೆಯಲ್ಲಿ, ಅರಕಲಗೂಡಾಗಲಿ, ಹೊಳೆನರಸೀಪುರವಾಗಲಿ, ಚನ್ನರಾಯಪಟ್ಟಣವಾಗಲಿ, ಕುಡಿತ ಬಿಡಿಸಲು ಮನೆಯವರಿಗೆ ತೋಚುವ ದಾರಿಗಳು ಕೆಲವೇ: ದೇವರ ಮುಂದೆ ಆಣೆ, ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರ ಮದ್ಯವರ್ಜನ ಶಿಬಿರ, ಇಲ್ಲವೇ ಕುಡಿಯುವವನಿಗೆ ತಿಳಿಯದಂತೆ ಸಾರಿಗೆ ಬೆರೆಸುವ ಮಾತ್ರೆ. ಕೊನೆಯದನ್ನು ಖಂಡಿತ ಮಾಡಬಾರದು. ಆ ಮಾತ್ರೆಯಲ್ಲಿರುವ ಡೈಸಲ್ಫಿರಾಮ್ ಮೈಯಲ್ಲಿರುವಾಗ ಕುಡಿದರೆ ರಕ್ತದಲ್ಲಿ ಅಸಿಟಾಲ್ಡಿಹೈಡ್ ಏರಿ ವಾಂತಿ, ಎದೆಬಡಿತ ಶುರುವಾಗುತ್ತದೆ. ರಕ್ತದೊತ್ತಡ ಕುಸಿದು ಜೀವಕ್ಕೇ ಕುತ್ತು ಬಂದೀತು. ಅದು ಹೆದರಿಸುವ ಮದ್ದು. ಕುಡಿಯಬೇಕೆಂಬ ಎಳೆತ ಇದ್ದಲ್ಲೇ ಇರುತ್ತದೆ.

ಆ ಎಳೆತಕ್ಕೇ ಕೈಹಾಕುವ ಸಾಧ್ಯತೆ ಈಗ ಸಕ್ಕರೆ ಕಾಯಿಲೆಯ ಔಷಧಿಯೊಂದರಲ್ಲಿ ಕಾಣುತ್ತಿದೆ. ಊಟ ಕರುಳಿಗೆ ಇಳಿದಾಗ ಅಲ್ಲಿನ ಜೀವಕೋಶಗಳು ಜಿಎಲ್‌ಪಿ-1 ಎಂಬ ಹಾರ್ಮೋನು ಸುರಿಸುತ್ತವೆ. ಅದು ಇನ್ಸುಲಿನ್ ಹೆಚ್ಚಿಸಿ, ಹೊಟ್ಟೆ ಖಾಲಿಯಾಗುವುದನ್ನು ನಿಧಾನಿಸಿ, ‘ಸಾಕು’ ಎಂಬ ಸುದ್ದಿಯನ್ನು ಮೆದುಳಿಗೆ ಮುಟ್ಟಿಸುತ್ತದೆ. ಮೈಯಲ್ಲಿ ಅದು ಕೆಲವೇ ನಿಮಿಷ ಉಳಿಯುತ್ತದೆ. ಅದನ್ನೇ ಹೋಲುವ ಸೆಮಾಗ್ಲುಟೈಡ್, ಅಂದರೆ ನಾನು ಹೇಳಿದ ಔಷಧಿ, ಒಂದು ಇಂಜೆಕ್ಷನ್ನಿಗೆ ವಾರವಿಡೀ ಕೆಲಸ ಮಾಡುತ್ತದೆ. ಈ ಹಾರ್ಮೋನಿನ ಗ್ರಾಹಿಗಳು ಮೆದುಳಿನಲ್ಲಿ ಸುಖದ ನಿರೀಕ್ಷೆ ಹುಟ್ಟುವ ಡೋಪಮಿನ್ ಜಾಲದಲ್ಲೂ ಇವೆ. ಕುಡಿತದ ರುಚಿ ಹತ್ತುವುದೂ ಅಲ್ಲೇ.

2025ರಲ್ಲಿ ಅಮೆರಿಕದ 48 ಜನರ ಮೇಲಿನ ಒಂಬತ್ತು ವಾರದ ಪರೀಕ್ಷೆಯ ಫಲಿತಾಂಶ ಪ್ರಕಟವಾಯಿತು. ಕಡಿಮೆ ಪ್ರಮಾಣದ ಸೆಮಾಗ್ಲುಟೈಡ್ ಪಡೆದವರಲ್ಲಿ ಕುಡಿಯುವ ಹಂಬಲ ತಗ್ಗಿತು, ಒಮ್ಮೆ ಕೂತಾಗ ಏರಿಸುವ ಪ್ರಮಾಣವೂ ಇಳಿಯಿತು. ಕುಡಿಯುವ ದಿನಗಳ ಸಂಖ್ಯೆ ಮಾತ್ರ ಅಷ್ಟಾಗಿ ಇಳಿಯಲಿಲ್ಲ.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿರುವುದು ಇದಕ್ಕಿಂತ ಹಿಂದಿನ, 2022ರ ಡೆನ್ಮಾರ್ಕಿನ ಅಧ್ಯಯನ. ಇದೇ ಬಗೆಯ ಎಕ್ಸೆನಟೈಡ್ ಅನ್ನು 127 ಜನರಲ್ಲಿ 26 ವಾರ ಪರೀಕ್ಷಿಸಿದಾಗ ಒಟ್ಟಾರೆ ಲಾಭ ಸಿಗಲಿಲ್ಲ. ಬೊಜ್ಜು ಇದ್ದವರಲ್ಲಿ ಕುಡಿತ ಇಳಿಯಿತು. ತೆಳ್ಳಗಿದ್ದವರಲ್ಲಿ ವಿಪರೀತ ಕುಡಿಯುವ ದಿನಗಳು ಹೆಚ್ಚಾದವು! ಅರಕಲಗೂಡಿನ ಹೊಗೆಸೊಪ್ಪಿನ ಹೊಲದಲ್ಲಿ ದುಡಿದು, ಅನ್ನ ಬಿಟ್ಟು ಕ್ವಾರ್ಟರ್ ಹಿಡಿದು, ಮೂಳೆ ಚಕ್ಕಳವಾದವನಿಗೆ ಹಸಿವು ಕೊಲ್ಲುವ ಮದ್ದು ಕೊಟ್ಟರೆ ಏನಾದೀತು? ಅತಿಯಾದ ಕುಡಿತದಿಂದ ಮೇದೋಜೀರಕ ಗ್ರಂಥಿಯೂ ಊದಿಕೊಳ್ಳಬಹುದು. ಅಂಥವರಿಗೆ ಈ ಇಂಜೆಕ್ಷನ್ ಕೊಡುವಾಗ ವೈದ್ಯರು ಮೊದಲೇ ಎಚ್ಚರ ವಹಿಸುತ್ತಾರೆ.

ಹಾಗಾಗಿ ಅಂಗಡಿಯಿಂದ ತಂದು ತಾವೇ ಚುಚ್ಚಿಕೊಳ್ಳುವ ವಿಚಾರ ಬೇಡವೇ ಬೇಡ. ಎಳೆತ ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಮಾತ್ರೆಗಳು ದಶಕಗಳಿಂದ ಇವೆ. ಆದರೂ 2019ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯಕ್ಕೆ ಅಂಟಿಕೊಂಡ 38 ಜನರಲ್ಲಿ ಒಬ್ಬರಿಗಷ್ಟೇ ಏನಾದರೂ ಚಿಕಿತ್ಸೆ ಸಿಕ್ಕಿತ್ತು. ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ. ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ದಿನವೂ ಕುಡಿಯುವವರು ಒಮ್ಮೆಲೇ ಬಿಟ್ಟರೆ ಎರಡು ಮೂರು ದಿನದೊಳಗೆ ಫಿಟ್ಸ್ ಬರಬಹುದು, ಬುದ್ಧಿಭ್ರಮೆ ಆಗಬಹುದು. ಆದ್ದರಿಂದ ಬಿಡುವ ಮೊದಲ ವಾರ ವೈದ್ಯರ ಕಣ್ಗಾವಲಿನಲ್ಲಿ, ಥಯಾಮಿನ್ ವಿಟಮಿನ್ ಪಡೆಯುತ್ತಾ ಕಳೆಯಬೇಕು.