ಅಂಕ ಕಡಿಮೆ ಬಂತೇ? ವಿವಿ ಸೀಟಿಗೆ ಬೇರೆ ದಾರಿಗಳೂ ಇವೆ: ಹೈದರಾಬಾದ್ ಕನ್ನಡಿಗರು ತಿಳಿದಿರಬೇಕಾದ ಮಾಹಿತಿ

ಹೈದರಾಬಾದ್: ಲಿಂಗಂಪಲ್ಲಿ ರೈಲು ನಿಲ್ದಾಣದಿಂದ ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯದ ಕ್ಯಾಂಪಸ್ ದೂರವೇನಿಲ್ಲ. ಕಲಬುರಗಿ, ಬೀದರ್, ರಾಯಚೂರು ಕಡೆಯಿಂದ ಬಂದು ಲಿಂಗಂಪಲ್ಲಿ, ಬಿಎಚ್‌ಇಎಲ್, ಚಂದಾನಗರ ಸುತ್ತಮುತ್ತ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಅದು ಪಕ್ಕದ ಕಾಲೇಜು ಇದ್ದ ಹಾಗೆ. ಆದರೆ ಇಂಟರ್‌ಮೀಡಿಯೆಟ್ ಅಥವಾ ಪಿಯುಸಿ ಫಲಿತಾಂಶದಲ್ಲಿ ಅಂಕ ಕಡಿಮೆಯಾದರೆ ಅದೇ ಕ್ಯಾಂಪಸ್ ಬಹಳ ದೂರದಂತೆ ಕಾಣುತ್ತದೆ. "ಇನ್ನು ಡೊನೇಷನ್ ಸೀಟೇ ಗತಿ" ಎಂದು ಮನೆಯಲ್ಲಿ ಮಾತು ಶುರುವಾಗುತ್ತದೆ.

ಹಣದ ಬಗ್ಗೆ ಯೋಚಿಸುವ ಮೊದಲು ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳಿ. ಕಡಿಮೆಯಾಗಿರುವುದು ಯಾವುದು? ಪಾಸಾಗಲು ಬೇಕಾದ ಅಂಕವೇ, ಕೋರ್ಸಿಗೆ ಅರ್ಜಿ ಹಾಕಲು ಬೇಕಾದ ಕನಿಷ್ಠ ಶೇಕಡಾವಾರು ಅಂಕವೇ ಅಥವಾ ಸೀಟು ಸಿಗಲು ಬೇಕಾದ ರ್‍ಯಾಂಕೇ? ಈ ಮೂರೂ ಬೇರೆ ಬೇರೆ ಸಮಸ್ಯೆಗಳು, ಮೂರಕ್ಕೂ ಬೇರೆ ಬೇರೆ ದಾರಿಗಳಿವೆ. ಇದು ತಿಳಿಯದೆ ಓಡಾಡಿದರೆ ಒಂದು ವರ್ಷವೂ ಹೋಗುತ್ತದೆ, ಲಕ್ಷಾಂತರ ರೂಪಾಯಿಯೂ ಹೋಗುತ್ತದೆ.

ಮೊದಲು ಉತ್ತರ ಪತ್ರಿಕೆ ನೋಡಿ

ನಿರೀಕ್ಷೆಗಿಂತ ತೀರಾ ಕಡಿಮೆ ಅಂಕ ಬಂದಿದ್ದರೆ ಮೊದಲ ಕೆಲಸ ಮರುಎಣಿಕೆ ಅಥವಾ ಮರುಪರಿಶೀಲನೆಗೆ ಅರ್ಜಿ ಹಾಕುವುದು. ತೆಲಂಗಾಣದಲ್ಲಿ 2019ರ ಇಂಟರ್ ಫಲಿತಾಂಶದ ವೇಳೆ ನಡೆದದ್ದು ಇದಕ್ಕೆ ಸಾಕ್ಷಿ. ತೆಲುಗು ಪತ್ರಿಕೆಯಲ್ಲಿ 99 ಅಂಕ ಪಡೆದಿದ್ದ ವಿದ್ಯಾರ್ಥಿನಿಯೊಬ್ಬಳ ಅಂಕಪಟ್ಟಿಯಲ್ಲಿ ಸೊನ್ನೆ ನಮೂದಾಗಿತ್ತು. ಫಲಿತಾಂಶದ ಗೊಂದಲದ ನಡುವೆ ಹಲವು ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು. ಕೊನೆಗೆ ಅನುತ್ತೀರ್ಣರಾದ ಎಲ್ಲರ ಉತ್ತರ ಪತ್ರಿಕೆಗಳನ್ನು ಉಚಿತವಾಗಿ ಮರುಪರಿಶೀಲಿಸಲು ಸರ್ಕಾರ ಆದೇಶಿಸಿತು. ಫೇಲ್ ಎಂದು ಘೋಷಿಸಲಾಗಿದ್ದ ಸಾವಿರಕ್ಕೂ ಹೆಚ್ಚು ಮಂದಿ ಪಾಸಾದರು.

ತೆಲಂಗಾಣ ಇಂಟರ್ ಮಂಡಳಿಯಲ್ಲಿ ಮರುಎಣಿಕೆಗೂ, ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿ ಸಹಿತ ಮರುಪರಿಶೀಲನೆಗೂ ಅವಕಾಶವಿದೆ. ಕರ್ನಾಟಕದ ದ್ವಿತೀಯ ಪಿಯುಸಿಯಲ್ಲಿ ಮೊದಲು ಸ್ಕ್ಯಾನ್ ಪ್ರತಿ ಪಡೆದು, ನೋಡಿ, ನಂತರ ಮರುಎಣಿಕೆ ಅಥವಾ ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಬಹುದು. ಎರಡೂ ಕಡೆ ಅರ್ಜಿ ಸಲ್ಲಿಕೆಗೆ ಸಿಗುವುದು ಫಲಿತಾಂಶದ ನಂತರದ ಕೆಲವೇ ದಿನ. ಬೇಸರದಲ್ಲಿ ಒಂದು ವಾರ ಸುಮ್ಮನಿದ್ದರೆ ಆ ಅವಕಾಶ ಮುಗಿದುಹೋಗಿರುತ್ತದೆ.

ಅದೇ ವರ್ಷ ಮತ್ತೆ ಪರೀಕ್ಷೆ

ಕರ್ನಾಟಕದಲ್ಲಿ 2023-24ನೇ ಶೈಕ್ಷಣಿಕ ಸಾಲಿನಿಂದ ಪೂರಕ ಪರೀಕ್ಷೆಯ ಪದ್ಧತಿ ಕೈಬಿಟ್ಟು ಪರೀಕ್ಷೆ-1, 2 ಮತ್ತು 3 ಎಂಬ ವ್ಯವಸ್ಥೆ ತರಲಾಯಿತು. ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯಬಹುದು, ಹೆಚ್ಚು ಬಂದ ಅಂಕವನ್ನೇ ಉಳಿಸಿಕೊಳ್ಳಬಹುದು. ಅಂಕಪಟ್ಟಿಯಲ್ಲಿ ಪೂರಕ ಎಂಬ ಹಣೆಪಟ್ಟಿಯೂ ಇರುವುದಿಲ್ಲ.

ತೆಲಂಗಾಣದಲ್ಲಿ ಅಡ್ವಾನ್ಸ್‌ಡ್ ಸಪ್ಲಿಮೆಂಟರಿ ಪರೀಕ್ಷೆ ಇದೆ. ಅದು ಫೇಲಾದವರಿಗಷ್ಟೇ ಅಲ್ಲ, ಅಂಕ ಸುಧಾರಿಸಿಕೊಳ್ಳಲು ಬಯಸುವವರಿಗೂ ಇರುವ ಅವಕಾಶ. ಸಿಬಿಎಸ್‌ಇ ವಿದ್ಯಾರ್ಥಿಗಳು ಅದೇ ವರ್ಷದ ಪೂರಕ ಪರೀಕ್ಷೆಯಲ್ಲಿ ಒಂದು ವಿಷಯದ ಅಂಕ ಸುಧಾರಿಸಿಕೊಳ್ಳಬಹುದು. ಕನಿಷ್ಠ ಅರ್ಹತೆಗೆ ಎರಡು-ಮೂರು ಶೇಕಡಾ ಮಾತ್ರ ಕಡಿಮೆ ಇದ್ದರೆ ಇದೇ ಹತ್ತಿರದ ದಾರಿ.

ಒಂದೇ ಅಂಕಪಟ್ಟಿ, ಎರಡು ರಾಜ್ಯದಲ್ಲಿ ಎರಡು ಬೆಲೆ

ಎಂಜಿನಿಯರಿಂಗ್ ಸೀಟು ಬಯಸುವವರು ಗಮನಿಸಬೇಕಾದ ವ್ಯತ್ಯಾಸ ಇಲ್ಲಿದೆ. ಕರ್ನಾಟಕದ ಕೆಸಿಇಟಿಯಲ್ಲಿ ರ್‍ಯಾಂಕ್ ನಿರ್ಧರಿಸುವಾಗ ಪ್ರವೇಶ ಪರೀಕ್ಷೆಗೆ ಅರ್ಧ, ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಕ್ಕೆ ಅರ್ಧ ತೂಕ. ತೆಲಂಗಾಣದಲ್ಲಿ ಹಿಂದೆ ಎಂಸೆಟ್‌ನಲ್ಲಿ ಇಂಟರ್ ಅಂಕಕ್ಕೆ ಶೇ 25ರಷ್ಟು ತೂಕ ಇತ್ತು. 2023ರಲ್ಲಿ ಅದನ್ನು ತೆಗೆದುಹಾಕಲಾಯಿತು. ಈಗ ಇಎಪಿಸೆಟ್ ಎಂದು ಕರೆಯುವ ಆ ಪರೀಕ್ಷೆಯ ಅಂಕವೇ ರ್‍ಯಾಂಕ್ ನಿರ್ಧರಿಸುತ್ತದೆ.

ಉದಾಹರಣೆಗೆ, ವಿದ್ಯಾರ್ಥಿಯೊಬ್ಬ ಕೆಸಿಇಟಿಯಲ್ಲಿ 180ಕ್ಕೆ 120 ಪಡೆದಿದ್ದಾನೆ, ಅಂದರೆ ಶೇ 66.67. ಪಿಯುಸಿಯ ಮೂರು ವಿಷಯಗಳಲ್ಲಿ 300ಕ್ಕೆ 165, ಅಂದರೆ ಶೇ 55. ಎರಡರ ಸರಾಸರಿ 60.83. ಪಿಯುಸಿ ಪರೀಕ್ಷೆ-2 ಬರೆದು 165ನ್ನು 210ಕ್ಕೆ ಏರಿಸಿಕೊಂಡರೆ ಸರಾಸರಿ 68.33 ಆಗುತ್ತದೆ. ಅಂದರೆ ಕರ್ನಾಟಕದಲ್ಲಿ ಮತ್ತೊಮ್ಮೆ ಬೋರ್ಡ್ ಪರೀಕ್ಷೆ ಬರೆದರೆ ರ್‍ಯಾಂಕೇ ಬದಲಾಗಬಹುದು. ಹೆಚ್ಚಿದ ಅಂಕವನ್ನು ಪರೀಕ್ಷಾ ಪ್ರಾಧಿಕಾರದ ದಾಖಲೆಗೆ ಸೇರಿಸುವ ಬಗ್ಗೆ ಬರುವ ಪ್ರಕಟಣೆಯನ್ನು ಮಾತ್ರ ತಪ್ಪಿಸಿಕೊಳ್ಳಬಾರದು. ತೆಲಂಗಾಣದಲ್ಲಿ ಹಾಗಲ್ಲ. ಅಲ್ಲಿ ಕನಿಷ್ಠ ಅರ್ಹತೆ ಇದ್ದರೆ ಬೋರ್ಡ್ ಅಂಕ ಹೆಚ್ಚಿಸಿಕೊಂಡು ಲಾಭವಿಲ್ಲ, ಪ್ರವೇಶ ಪರೀಕ್ಷೆಗೇ ಸಿದ್ಧರಾಗಬೇಕು.

ಎರಡೂ ರಾಜ್ಯಗಳಲ್ಲಿ ಸಾಮಾನ್ಯ ವರ್ಗಕ್ಕೆ ಸಂಬಂಧಿತ ವಿಷಯಗಳಲ್ಲಿ ಶೇ 45, ಮೀಸಲಾತಿ ವರ್ಗಗಳಿಗೆ ಶೇ 40 ಕನಿಷ್ಠ ಅರ್ಹತೆ. ಮೀಸಲಾತಿ ಪ್ರಮಾಣಪತ್ರವಿಲ್ಲದ ಕಾರಣಕ್ಕೆ ಅರ್ಹತೆ ಕಳೆದುಕೊಳ್ಳುವವರೂ ಇದ್ದಾರೆ. ಹಾಗಾಗಿ ಪ್ರಮಾಣಪತ್ರ ಮೊದಲೇ ಕೈಯಲ್ಲಿರಲಿ.

ನೀವು ಯಾವ ರಾಜ್ಯದ ಅಭ್ಯರ್ಥಿ?

ಲಿಂಗಂಪಲ್ಲಿಯ ಕನ್ನಡ ಕುಟುಂಬಗಳು ಎಡವುವುದು ಹೆಚ್ಚಾಗಿ ಇಲ್ಲಿ. ತೆಲಂಗಾಣದಲ್ಲಿ ಸ್ಥಳೀಯ ಅಭ್ಯರ್ಥಿ ಎನಿಸಿಕೊಳ್ಳಲು ಮುಖ್ಯ ದಾರಿ, ಅರ್ಹತಾ ಪರೀಕ್ಷೆ ಬರೆಯುವ ವರ್ಷವೂ ಸೇರಿ ಸತತ 4 ವರ್ಷ ಅಲ್ಲಿ ಓದಿರುವುದು. ಮನೆಮಾತು ಯಾವುದು ಎಂಬುದು ಲೆಕ್ಕಕ್ಕಿಲ್ಲ. ಒಂಬತ್ತನೇ ತರಗತಿಯಿಂದ ಇಂಟರ್‌ವರೆಗೆ ಹೈದರಾಬಾದಿನಲ್ಲೇ ಓದಿದ ಕನ್ನಡದ ಹುಡುಗಿ ಅಲ್ಲಿ ಸ್ಥಳೀಯಳೇ.

ಕರ್ನಾಟಕದ ಕೆಇಎ ಮೂಲಕ ಸರ್ಕಾರಿ ಕೋಟಾದ ಸೀಟು ಬೇಕಿದ್ದರೆ ಸಾಮಾನ್ಯ ನಿಯಮದಂತೆ ಕರ್ನಾಟಕದಲ್ಲಿ ಕನಿಷ್ಠ 7 ವರ್ಷ ಓದಿರಬೇಕು. ಹತ್ತನೇ ತರಗತಿವರೆಗೆ ಹೈದರಾಬಾದಿನಲ್ಲಿ ಓದಿಸಿ, ಪಿಯುಸಿಗೆ ಮಾತ್ರ ಕಲಬುರಗಿಗೋ ಮಂಗಳೂರಿಗೋ ಹಾಸ್ಟೆಲಿಗೆ ಕಳಿಸುವ ಪಾಲಕರು ಇದನ್ನು ಗಮನಿಸಬೇಕು. ಮಗುವಿಗೆ ತೆಲಂಗಾಣದ 4 ವರ್ಷವೂ ತಪ್ಪುತ್ತದೆ, ಕರ್ನಾಟಕದ 7 ವರ್ಷವೂ ಆಗುವುದಿಲ್ಲ.

ಇದಕ್ಕೂ ದಾರಿ ಇದೆ. ವಿದ್ಯಾರ್ಥಿ ಪ್ರಥಮ ಮತ್ತು ದ್ವಿತೀಯ ಪಿಯುಸಿಯನ್ನು ಕರ್ನಾಟಕದಲ್ಲಿ ಓದಿದ್ದು, ತಂದೆ ಅಥವಾ ತಾಯಿ ಕರ್ನಾಟಕದಲ್ಲಿ ಕನಿಷ್ಠ 7 ವರ್ಷ ಓದಿದ್ದರೆ ಕೆಇಎ ನಿಯಮದಲ್ಲಿ ಅರ್ಹತೆ ಸಿಗುತ್ತದೆ. ತಂದೆ-ತಾಯಿ ಓದಿದ ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ ತರುವ ಕೆಲಸವನ್ನು ಊರಿಗೆ ಹೋದಾಗಲೇ ಮುಗಿಸಿಕೊಳ್ಳುವುದು ಒಳ್ಳೆಯದು.

ಹೊರನಾಡು ಮತ್ತು ಗಡಿನಾಡು ಕನ್ನಡಿಗ ಅಭ್ಯರ್ಥಿಗಳಿಗೂ ಕೆಇಎ ಪ್ರತ್ಯೇಕ ಅವಕಾಶ ಇಟ್ಟಿದೆ. ಈ ದಾರಿಯಲ್ಲಿ ಬರುವವರು ಕೆಸಿಇಟಿ ಜೊತೆಗೆ ಕನ್ನಡ ಭಾಷಾ ಪರೀಕ್ಷೆ ಬರೆಯಬೇಕು. 50 ಅಂಕದ ಪರೀಕ್ಷೆಯಲ್ಲಿ ಕನಿಷ್ಠ 12 ಬೇಕು. ಈಚಿನ ವರ್ಷಗಳಲ್ಲಿ ಬೀದರ್‌ನಲ್ಲೂ ಈ ಪರೀಕ್ಷೆಗೆ ಕೇಂದ್ರ ಇದ್ದುದರಿಂದ ಹೈದರಾಬಾದಿನವರಿಗೆ ಬೆಂಗಳೂರಿನವರೆಗೆ ಹೋಗುವ ಪ್ರಮೇಯ ಇರಲಿಲ್ಲ. ಮನೆಯಲ್ಲಿ ಕನ್ನಡ ಮಾತಾಡುವ, ಆದರೆ ಓದಲು ಬರೆಯಲು ಕಲಿಯದ ಮಕ್ಕಳಿಗೆ ಮಾತ್ರ ಮುಂಚಿತವಾಗಿ ಅಕ್ಷರಾಭ್ಯಾಸ ಮಾಡಿಸಬೇಕು.

ಕಲ್ಯಾಣ ಕರ್ನಾಟಕ ಮೂಲದ ಕುಟುಂಬಗಳು ಸಂವಿಧಾನದ 371ಜೆ ವಿಧಿಯ ಅಡಿಯ ಅರ್ಹತೆಯನ್ನೂ ಪರಿಶೀಲಿಸಿಕೊಳ್ಳಬೇಕು. ಆ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70, ರಾಜ್ಯದ ಉಳಿದೆಡೆ ಶೇ 8ರಷ್ಟು ಸೀಟು ಸ್ಥಳೀಯ ವ್ಯಕ್ತಿಗಳಿಗೆ ಮೀಸಲು. ಪ್ರಮಾಣಪತ್ರ ಕೊಡುವವರು ಸಹಾಯಕ ಆಯುಕ್ತರು.

ಕೇಂದ್ರೀಯ ವಿವಿಗೆ ಸಿಯುಇಟಿ

ಹೈದರಾಬಾದ್ ವಿವಿ ಸ್ಥಾಪನೆಯಾದದ್ದು 1974ರಲ್ಲಿ. ಅಲ್ಲಿ ಪಿಯುಸಿ ಅಥವಾ ಇಂಟರ್ ನಂತರ ಸೇರಬಹುದಾದ 5 ವರ್ಷದ ಇಂಟಿಗ್ರೇಟೆಡ್ ಎಂಎ, ಎಂಎಸ್ಸಿ ಕೋರ್ಸ್‌ಗಳಿವೆ. ಪ್ರವೇಶ ಸಿಯುಇಟಿ-ಯುಜಿ ಅಂಕದ ಮೇಲೆ. 2022ರಲ್ಲಿ ಆರಂಭವಾದ ಈ ಪರೀಕ್ಷೆ ಅನೇಕರಿಗೆ ಅನುಕೂಲವನ್ನೇ ಮಾಡಿದೆ. ಕೋರ್ಸಿಗೆ ನಿಗದಿಯಾದ ಕನಿಷ್ಠ ಶೇಕಡಾವಾರು ಅಂಕ ಇದ್ದರೆ ಸಾಕು, ಮುಂದಿನ ಪೈಪೋಟಿ ಸಿಯುಇಟಿ ಅಂಕದ್ದು. ಬೋರ್ಡ್‌ನಲ್ಲಿ ಶೇ 95 ಪಡೆದವರನ್ನು ಶೇ 70 ಪಡೆದವರು ಹಿಂದಿಕ್ಕಲು ಸಾಧ್ಯ.

2025ರಿಂದ ಒಬ್ಬರು ಗರಿಷ್ಠ 5 ವಿಷಯ ಆಯ್ದುಕೊಳ್ಳಬಹುದು. 12ನೇ ತರಗತಿಯಲ್ಲಿ ಓದದ ವಿಷಯವನ್ನೂ ಪರೀಕ್ಷೆಗೆ ತೆಗೆದುಕೊಳ್ಳಲು ಅವಕಾಶವಿದೆ, ಆದರೆ ಬಯಸಿದ ಕೋರ್ಸಿಗೆ ವಿವಿ ಯಾವ ವಿಷಯ ಕೇಳಿದೆ ಎಂಬುದನ್ನು ನೋಡಿಯೇ ಆಯ್ಕೆ ಮಾಡಬೇಕು. ಸರಿ ಉತ್ತರಕ್ಕೆ 5 ಅಂಕ, ತಪ್ಪಿಗೆ 1 ಅಂಕ ಕಡಿತ. ಪರೀಕ್ಷೆ ಬರೆಯಬಹುದಾದ 13 ಭಾಷೆಗಳಲ್ಲಿ ಕನ್ನಡವೂ ಒಂದು. ಕಲಬುರಗಿ ಜಿಲ್ಲೆಯ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿವಿಗೂ ಇದೇ ಪರೀಕ್ಷೆ. ಆದ್ದರಿಂದ ಹೈದರಾಬಾದ್ ತಪ್ಪಿದರೂ ಅದೇ ಅಂಕದಲ್ಲಿ ಅಲ್ಲಿಗೆ ಅರ್ಜಿ ಹಾಕಬಹುದು.

ಒಂದು ಎಚ್ಚರಿಕೆ. ಸಿಯುಇಟಿ ಅರ್ಜಿ ಬೋರ್ಡ್ ಫಲಿತಾಂಶಕ್ಕಿಂತ ಮೊದಲೇ ಮುಗಿದಿರುತ್ತದೆ. ಅಂಕ ನೋಡಿಕೊಂಡು ನಿರ್ಧರಿಸೋಣ ಎನ್ನುವವರಿಗೆ ಆ ವರ್ಷ ಅವಕಾಶ ತಪ್ಪುತ್ತದೆ.

ಪದವಿ ನಂತರ ಅದೇ ವಿವಿಗೆ

ಪಿಯುಸಿ ಹಂತದಲ್ಲಿ ಸೀಟು ಸಿಗದವರು ಪದವಿ ನಂತರ ಅದೇ ವಿವಿ ಸೇರಬಹುದು. ತೆಲಂಗಾಣದ ಪದವಿ ಕಾಲೇಜುಗಳಿಗೆ ದೋಸ್ತ್ ಎಂಬ ಒಂದೇ ಪೋರ್ಟಲ್ ಮೂಲಕ ಹಲವು ಹಂತಗಳಲ್ಲಿ ಪ್ರವೇಶ ನಡೆಯುತ್ತದೆ. ಬಿಎ, ಬಿಕಾಂ, ಬಿಎಸ್ಸಿಗೆ ಪ್ರವೇಶ ಪರೀಕ್ಷೆ ಇಲ್ಲ. ಮೊದಲ ಹಂತದಲ್ಲಿ ಸಿಗದವರಿಗೆ ಮುಂದಿನ ಹಂತದಲ್ಲಿ ಸೀಟು ಸಿಗುವುದುಂಟು.

ಕಂಪ್ಯೂಟರ್ ಓದುವ ಆಸೆ ಇದ್ದವರ ಲೆಕ್ಕ ನೋಡಿ. ಗಣಿತ ಇರುವ ಬಿಎಸ್ಸಿ ಅಥವಾ ಬಿಸಿಎ 3 ವರ್ಷ, ನಂತರ ಎಂಸಿಎ 2 ವರ್ಷ. ಹೈದರಾಬಾದ್ ವಿವಿಯ ಎಂಸಿಎ ಪ್ರವೇಶ ನಿಮ್ಸೆಟ್ ಪರೀಕ್ಷೆಯ ಮೂಲಕ. ಸಾಮಾನ್ಯ ವರ್ಗದವರಿಗೆ ಪದವಿಯಲ್ಲಿ ಶೇ 60 ಬೇಕು. ಅಲ್ಲಿ ನೋಡುವುದು ಪದವಿಯ ಅಂಕವನ್ನು, ಇಂಟರ್ ಅಂಕವನ್ನಲ್ಲ.

ಡಿಪ್ಲೊಮಾದಿಂದ ಎಂಜಿನಿಯರಿಂಗ್

ಡಿಪ್ಲೊಮಾ ಮುಗಿಸಿದವರು ಕರ್ನಾಟಕದಲ್ಲಿ ಡಿಸಿಇಟಿ, ತೆಲಂಗಾಣದಲ್ಲಿ ಇಸೆಟ್ ಬರೆದು ನೇರವಾಗಿ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರಬಹುದು. ಕರ್ನಾಟಕದಲ್ಲಿ ಪಿಯುಸಿ ವಿಜ್ಞಾನ ಪಾಸಾದವರಿಗೆ ಪಾಲಿಟೆಕ್ನಿಕ್‌ನ ಎರಡನೇ ವರ್ಷಕ್ಕೆ ಪ್ರವೇಶವಿದೆ. ಹೀಗೆ ಹೋದರೆ ಡಿಪ್ಲೊಮಾಕ್ಕೆ 2 ವರ್ಷ, ಬಿಇಗೆ 3 ವರ್ಷ, ಒಟ್ಟು 5 ವರ್ಷ. ನೇರವಾಗಿ ಸೇರಿದವರಿಗಿಂತ ಒಂದೇ ವರ್ಷ ಹೆಚ್ಚು. ಒಂದು ವರ್ಷ ಮನೆಯಲ್ಲಿ ಕುಳಿತು ಕೋಚಿಂಗ್‌ಗೆ ಹಣ ಸುರಿದರೂ ಆಗುವುದು ಅಷ್ಟೇ ಸಮಯ. ವ್ಯತ್ಯಾಸವೆಂದರೆ ಇಲ್ಲಿ ಕೈಯಲ್ಲಿ ಡಿಪ್ಲೊಮಾ ಇರುತ್ತದೆ.

ಐಐಟಿ ಮದ್ರಾಸ್, ಮುಕ್ತ ವಿವಿಗಳು

ಐಐಟಿ ಮದ್ರಾಸ್ 2020ರಲ್ಲಿ ಆನ್‌ಲೈನ್ ಡೇಟಾ ಸೈನ್ಸ್ ಪದವಿ ಪ್ರಕಟಿಸಿತು. ಇದಕ್ಕೆ ಜೆಇಇ ಬೇಕಿಲ್ಲ. 12ನೇ ತರಗತಿ ಪಾಸಾಗಿದ್ದು, ಹತ್ತರಲ್ಲಿ ಗಣಿತ, ಇಂಗ್ಲಿಷ್ ಓದಿದ್ದರೆ ಸಾಕು. ಮೊದಲು 4 ವಾರ ಪಾಠ ಕೇಳಿ, ಅಸೈನ್‌ಮೆಂಟ್ ಮಾಡಿ, ನಂತರ ಅರ್ಹತಾ ಪರೀಕ್ಷೆ ಬರೆಯಬೇಕು. ಪಾಸಾದರೆ ಪ್ರವೇಶ. ಇದು ಬಿಟೆಕ್ ಅಲ್ಲ ಎಂಬುದು ತಿಳಿದಿರಲಿ. ಸೇರುವುದು ಸುಲಭವೆಂದು ಓದೂ ಸುಲಭ ಎಂದುಕೊಳ್ಳಬೇಡಿ.

ಹೈದರಾಬಾದಿನ ಡಾ. ಬಿ.ಆರ್. ಅಂಬೇಡ್ಕರ್ ಮುಕ್ತ ವಿವಿ 1982ರಲ್ಲಿ ಆರಂಭವಾಯಿತು. ಇಗ್ನೋದ ಬಿಎ ಪದವಿಗೂ 12ನೇ ತರಗತಿ ಪಾಸಾಗಿದ್ದರೆ ಸಾಕು. ಮಾನ್ಯತೆ ಪಡೆದ ದೂರಶಿಕ್ಷಣ ಪದವಿ ರೆಗ್ಯುಲರ್ ಪದವಿಗೆ ಸಮಾನ ಎಂದು ಯುಜಿಸಿ 2022ರಲ್ಲಿ ಸ್ಪಷ್ಟಪಡಿಸಿದೆ. ಕೆಲಸ ಮಾಡುತ್ತಾ ಪದವಿ ಮುಗಿಸಿ, ನಂತರ ಸ್ನಾತಕೋತ್ತರ ಪ್ರವೇಶ ಪರೀಕ್ಷೆ ಬರೆಯಲು ಅಡ್ಡಿಯಿಲ್ಲ.

ಏಜೆಂಟರ ಬಗ್ಗೆ ಎಚ್ಚರ

ದೂರಶಿಕ್ಷಣದಲ್ಲಿ ಎಂಜಿನಿಯರಿಂಗ್, ವೈದ್ಯಕೀಯ, ನರ್ಸಿಂಗ್, ಕಾನೂನು ಪದವಿಗಳಿಗೆ ಯುಜಿಸಿ ಅನುಮತಿ ಇಲ್ಲ. ಮನೆಯಲ್ಲೇ ಕುಳಿತು ಬಿಟೆಕ್ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹಣ ಕಟ್ಟುವ ಮೊದಲು ಯುಜಿಸಿ ವೆಬ್‌ಸೈಟ್‌ನಲ್ಲಿರುವ ನಕಲಿ ವಿವಿಗಳ ಪಟ್ಟಿ ನೋಡಿ. ಮೂಲ ಅಂಕಪಟ್ಟಿ, ಟಿಸಿಯನ್ನು ಮಧ್ಯವರ್ತಿಗಳ ಕೈಗೆ ಕೊಡಬೇಡಿ.

ಫಲಿತಾಂಶದ ದಿನ ಮಾಡಬೇಕಾದ್ದು

* ಕಡಿಮೆಯಾಗಿರುವುದು ಪಾಸ್ ಅಂಕವೋ, ಅರ್ಹತೆಯೋ, ರ್‍ಯಾಂಕೋ ಎಂದು ಬರೆದಿಟ್ಟುಕೊಳ್ಳಿ.
* ಮರುಎಣಿಕೆ, ಮರುಪರಿಶೀಲನೆಯ ಕೊನೆಯ ದಿನ ನೋಡಿ.
* ಪರೀಕ್ಷೆ-2 ಅಥವಾ ಸಪ್ಲಿಮೆಂಟರಿ ಶುಲ್ಕದ ಕೊನೆಯ ದಿನ ಗುರುತಿಸಿ.
* ತೆಲಂಗಾಣದ 4 ವರ್ಷ ಅಥವಾ ಕರ್ನಾಟಕದ 7 ವರ್ಷದ ವ್ಯಾಸಂಗ ಪ್ರಮಾಣಪತ್ರ ಹೊಂದಿಸಿಕೊಳ್ಳಿ.
* ದೋಸ್ತ್‌ನಂತಹ ಒಂದು ಖಚಿತ ಸೀಟಿಗೆ ಅರ್ಜಿ ಹಾಕಿಟ್ಟು, ನಂತರ ಉಳಿದ ದಾರಿ ಹುಡುಕಿ.

ಮಕ್ಕಳು ಊಟ ಬಿಟ್ಟು, ಮಾತು ಬಿಟ್ಟು ಕುಳಿತಿದ್ದರೆ ಈ ಪಟ್ಟಿಯನ್ನು ಪಕ್ಕಕ್ಕಿಟ್ಟು ಮೊದಲು ಅವರ ಜೊತೆ ಕುಳಿತುಕೊಳ್ಳಿ. ಅಗತ್ಯವಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು. ಅರ್ಜಿಗಳ ಕೆಲಸ ಮರುದಿನ ಬೆಳಿಗ್ಗೆ ಮಾಡಿದರೂ ನಡೆಯುತ್ತದೆ.