ಲೆಕ್ಕಪತ್ರಕ್ಕೆ ಸಿಗದ ಲೆಕ್ಕ: ಉದ್ಯಮಿಗೆ ಆತ್ಮಾವಲೋಕನ ಏಕೆ ಬೇಕು?

ವ್ಯಾಪಾರವೆಂದರೆ ಲಾಭ-ನಷ್ಟದ ಲೆಕ್ಕ; ಅಲ್ಲಿ ಆತ್ಮಾವಲೋಕನಕ್ಕೆ ಏನು ಕೆಲಸ ಎಂದು ಕೇಳುವವರುಂಟು. ಕಾನೂನಿದೆ, ಲೆಕ್ಕಪರಿಶೋಧಕರಿದ್ದಾರೆ, ಅಷ್ಟು ಸಾಲದೆ ಎಂಬುದು ಅವರ ವಾದ. ಸಾಲದು ಎಂಬುದನ್ನು ಮಂಡ್ಯ ಜಿಲ್ಲೆಯ ಕಬ್ಬಿನ ಸೀಮೆ ತೋರಿಸಿಕೊಡುತ್ತದೆ.

ಶ್ರೀರಂಗಪಟ್ಟಣ ಸಮೀಪದ ಕೃಷ್ಣರಾಜಸಾಗರದ ನೀರು ನಾಲೆಗಳಿಗೆ ಹರಿದ ಮೇಲೆ ಈ ಸೀಮೆಯಲ್ಲಿ ಕಬ್ಬು ವ್ಯಾಪಕವಾಯಿತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಮುಂದೆ ಪಾಂಡವಪುರದಲ್ಲಿ ಸಹಕಾರಿ ಕಾರ್ಖಾನೆಯೂ ಕೆ.ಆರ್. ಪೇಟೆ ತಾಲೂಕಿನ ಮಾಕವಳ್ಳಿಯಲ್ಲಿ ಖಾಸಗಿ ಕಾರ್ಖಾನೆಯೂ ಬಂದವು.

ಕಬ್ಬು ಕಾಯುವ ಬೆಳೆಯಲ್ಲ. ಕಡಿದ ಬಳಿಕ ಅದರ ತೂಕವೂ ಸಕ್ಕರೆಯ ಅಂಶವೂ ಇಳಿಯತೊಡಗುತ್ತವೆ. ಬೆಲೆ ಸರಿಬರಲಿಲ್ಲವೆಂದು ರೈತ ಗಾಡಿ ತಿರುಗಿಸಲಾರ. ಇತ್ತ ತೂಕ ಮಾಡುವುದು, ಸಕ್ಕರೆ ಇಳುವರಿ ಅಳೆಯುವುದು, ಹಣ ಕೊಡುವುದು ಎಲ್ಲವೂ ಕಾರ್ಖಾನೆಯ ಕೈಯಲ್ಲೇ ಇರುತ್ತವೆ. 1966ರ ಕಬ್ಬು ನಿಯಂತ್ರಣ ಆದೇಶದಂತೆ 14 ದಿನಗಳೊಳಗೆ ಹಣ ಪಾವತಿಯಾಗಬೇಕು. ತಪ್ಪಿದರೆ ವಾರ್ಷಿಕ ಶೇ. 15ರಷ್ಟು ಬಡ್ಡಿ ಸಲ್ಲಬೇಕು. ಆದರೂ ಬಾಕಿಗಾಗಿ ರೈತರು ಬೀದಿಗಿಳಿಯುವುದು ರಾಜ್ಯಕ್ಕೆ ಹೊಸತಲ್ಲ.

ಒಡೆತನವೇ ರೈತರದಾದರೆ ಸಮಸ್ಯೆ ತೀರೀತೆ? ಪಾಂಡವಪುರದ ಕಾರ್ಖಾನೆಗೆ ರೈತರೇ ಷೇರುದಾರರು. ಆದರೂ ನಷ್ಟದಿಂದ ಅದು ಸ್ಥಗಿತಗೊಂಡಿತು. 2020ರಲ್ಲಿ 40 ವರ್ಷಗಳ ಗುತ್ತಿಗೆಗೆ ಖಾಸಗಿ ಸಂಸ್ಥೆಯ ಪಾಲಾಯಿತು. ಒಳ್ಳೆಯ ವ್ಯವಸ್ಥೆಯೊಂದನ್ನು ರೂಪಿಸಿದ ಮಾತ್ರಕ್ಕೆ ಒಳ್ಳೆಯ ನಿರ್ವಹಣೆ ತಾನಾಗಿ ಬರುವುದಿಲ್ಲ.

ಸಣ್ಣ ಉದ್ಯಮದಲ್ಲೂ ಪ್ರಶ್ನೆ ಇದೇ. ಬೆಲ್ಲ ಹೊಂಬಣ್ಣಕ್ಕಿದ್ದರೆ ಪೇಟೆಯಲ್ಲಿ ಬೇಡಿಕೆ ಹೆಚ್ಚು. ಆ ಬಣ್ಣಕ್ಕಾಗಿ ಕುದಿಯುವ ಕೊಪ್ಪರಿಗೆಗೆ ‘ಹೈಡ್ರೋಸ್’ ಸುರಿಯಬೇಕೆ, ಬೇಡವೆ ಎಂಬುದನ್ನು ಆಲೆಮನೆಯ ಒಡೆಯನೇ ನಿರ್ಧರಿಸಬೇಕು. ನಾಗಮಂಗಲದಲ್ಲಿ ಲೋಹದ ವಿಗ್ರಹಗಳನ್ನು ಎರಕ ಹೊಯ್ಯುವ ಕಸುಬು ಹಳೆಯದು. ಮೇಣದ ಮಾದರಿಗೆ ಮಣ್ಣು ಮೆತ್ತಿ, ಕಾಯಿಸಿ ಮೇಣವನ್ನು ಹರಿಯಬಿಟ್ಟು, ಆ ಪೊಳ್ಳಿಗೆ ಕರಗಿದ ಲೋಹ ಹೊಯ್ಯುತ್ತಾರೆ. ಆರಿದ ವಿಗ್ರಹದಲ್ಲಿ ಯಾವ ಲೋಹ ಎಷ್ಟಿದೆ ಎಂಬುದು ಕೊಳ್ಳುವವನ ಕಣ್ಣಿಗೆ ಕಾಣದು. ಹೊಯ್ದವನಿಗೆ ಮಾತ್ರ ಗೊತ್ತು.

ಕಾರ್ಖಾನೆಯ ತೂಕದ ಸೇತುವೆ, ಆಲೆಮನೆಯ ಕೊಪ್ಪರಿಗೆ, ಎರಕದ ಮೂಸೆ ಈ ಮೂರು ಕಡೆಯೂ ಒಬ್ಬನಿಗೆ ತಿಳಿದಿರುವುದು ಇನ್ನೊಬ್ಬನಿಗೆ ತಿಳಿದಿಲ್ಲ. ತಪಾಸಣೆ ನಡೆಯುವುದು ಎಂದೋ ಒಂದು ದಿನ. ನಿರ್ಧಾರವನ್ನು ದಿನವೂ ಕೈಗೊಳ್ಳಬೇಕು. ನಡುವಿನ ಈ ತೆರಪಿನಲ್ಲಿಯೇ ಆತ್ಮಾವಲೋಕನಕ್ಕೆ ಕೆಲಸವಿರುವುದು.

ನಿರ್ವಹಣಾ ಚಿಂತಕ ಪೀಟರ್ ಡ್ರಕರ್ 1999ರ ಲೇಖನವೊಂದರಲ್ಲಿ ಇದನ್ನು ‘ಕನ್ನಡಿ ಪರೀಕ್ಷೆ’ ಎಂದು ಕರೆದರು. ಬೆಳಿಗ್ಗೆ ಕನ್ನಡಿಯಲ್ಲಿ ಎಂಥ ಮನುಷ್ಯನನ್ನು ಕಾಣಬಯಸುವೆ ಎಂದು ತನ್ನನ್ನೇ ಕೇಳಿಕೊಳ್ಳುವುದು ಅದರ ತಿರುಳು. ದುಡಿಮೆಯ ಶುದ್ಧಿಯನ್ನೂ ಅಂತರಂಗದ ಶುದ್ಧಿಯನ್ನೂ ಬೇರ್ಪಡಿಸದ ಕಾಯಕದ ಕಲ್ಪನೆ ಇದಕ್ಕಿಂತ ಎಂಟು ಶತಮಾನ ಹಿಂದೆಯೇ ಕನ್ನಡ ನಾಡಿನಲ್ಲಿ ಮೂಡಿತ್ತು.

ಆಚರಣೆಗೆ ದಿನದ ಕೊನೆಯಲ್ಲಿ ಮೂರು ಪ್ರಶ್ನೆಗಳು ಸಾಕು. ಇಂದಿನ ನಿರ್ಧಾರದ ಭಾರ ಯಾರ ಮೇಲೆ ಬಿತ್ತು? ಅವರಿಗೆ ಬೇಡವೆನ್ನುವ ದಾರಿಯಿತ್ತೆ? ನನಗೆ ಗೊತ್ತಿರುವುದೆಲ್ಲ ಅವರಿಗೂ ಗೊತ್ತಿದ್ದರೆ ಈ ವ್ಯವಹಾರಕ್ಕೆ ಒಪ್ಪುತ್ತಿದ್ದರೆ?

ಉತ್ತರ ‘ಇಲ್ಲ’ ಎಂದಾದರೆ ಮರುದಿನ ತಿದ್ದಿಕೊಳ್ಳಬೇಕು: ತೂಕದ ಯಂತ್ರವನ್ನು ರೈತನೆದುರೇ ಪರೀಕ್ಷಿಸುವುದು, ಬಾಕಿ ಪಾವತಿಯ ದಿನಾಂಕವನ್ನು ಫಲಕದಲ್ಲಿ ಬರೆದು ಹಾಕುವುದು, ಬೆಲ್ಲಕ್ಕೆ ಏನು ಬೆರೆಸಿದೆ ಎಂದು ಹೇಳಿಯೇ ಮಾರುವುದು. ಅಷ್ಟು ಮಾಡದೆ ಉಳಿದ ಅವಲೋಕನದಿಂದ ಕಬ್ಬು ಕೊಟ್ಟು ಕಾದಿರುವ ರೈತನಿಗೆ ಯಾವ ಪ್ರಯೋಜನವೂ ಇಲ್ಲ.